ನಾಲ್ಕು ಬೆರಳಿನ ಜ್ವರಗಡ್ಡೆ

ಡಾಕ್ಟರ್ ಚಂದ್ರಶೇಖರಯ್ಯನವರಿಗೆ ಆ ಯೋಚನೆ ಬಂದದ್ದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬ ಡ್ರೈವರು ಲೈಸೆನ್ಸಿನ ಅವಧಿ ಮುಗಿದದ್ದಕ್ಕೆ ಪೊಲೀಸಿನವನ ಕೈಗೆ ಸಿಕ್ಕಿ ಗೋಗರೆಯುತ್ತಿದ್ದನಂತೆ. ಅದನ್ನು ನೋಡಿಕೊಂಡು ನೇರವಾಗಿ ನಮ್ಮ ವೈದ್ಯರ ಸಂಘದ ಸಭೆಗೆ ಬಂದವರು, ಬಸ್ಸು ಓಡಿಸುವವನಿಗೆ ವರ್ಷ ವರ್ಷವೂ ಲೈಸೆನ್ಸು, ಜನರ ಹೊಟ್ಟೆಗೆ ಔಷಧಿ ಹಾಕುವವನು ಮಾತ್ರ ಒಂದು ಸಲ ಪಾಸಾದರೆ ಸಾಯುವ ತನಕ ಡಾಕ್ಟರು, ಇದು ಯಾವ ನ್ಯಾಯ ಎಂದು ಕೇಳಿದರು. ಯಾರು ಸಾಯುವ ತನಕ ಎಂದು ನಾನು ಕೇಳಿದೆ. ಒಬ್ಬರೂ ನಗಲಿಲ್ಲ. ನಮ್ಮ ಸಂಘದಲ್ಲಿ ನಗುವವರು ಆಗ ಕಡಿಮೆ.

ಸಂಘದಲ್ಲಿ ಇದ್ದದ್ದೇ ಹನ್ನೊಂದು ಜನ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳಲ್ಲಿ ಇಂಗ್ಲಿಷ್ ಔಷಧಿ ಕೊಡುತ್ತಿದ್ದವರಲ್ಲಿ ಸಂಘಕ್ಕೆ ಸೇರಿದವರು ಅಷ್ಟೇ. ಎರಡು ತಿಂಗಳಿಗೊಂದು ಭಾನುವಾರ ಒಂದೊಂದು ಊರಿನಲ್ಲಿ ಸೇರುವುದು, ಒಬ್ಬರು ಯಾವುದಾದರೂ ಕಾಯಿಲೆಯ ಮೇಲೆ ಪ್ರಬಂಧ ಓದುವುದು, ಮಿಕ್ಕವರು ಬೋಂಡಾ ಕಾಫಿ ಬರುವ ತನಕ ಕಷ್ಟಪಟ್ಟು ಎಚ್ಚರವಾಗಿರುವುದು, ಇಷ್ಟೇ ನಮ್ಮ ಕಾರ್ಯಕ್ರಮ. ಹೊಳೆನರಸೀಪುರದಲ್ಲಿ ಎಲ್.ಎಂ.ಪಿ. ಎಂಬ ಸಣ್ಣ ವೈದ್ಯ ಪದವಿಯ ಡಾಕ್ಟರಾಗಿದ್ದ ಗೌರೀಶಂಕರ, ಅಂದರೆ ನಾನು, ಕಾರ್ಯದರ್ಶಿ. ನನ್ನ ಕೈಬರಹವನ್ನು ನನ್ನ ಕಾಂಪೌಂಡರಲ್ಲದೆ ಬೇರೆಯವರೂ ಓದಬಹುದಿತ್ತು, ಅದೊಂದೇ ನನ್ನ ಯೋಗ್ಯತೆ. ಅಧ್ಯಕ್ಷರು ಹಾಸನದ ಚಂದ್ರಶೇಖರಯ್ಯನವರು. ನಮ್ಮ ಪೈಕಿ ಎಂ.ಬಿ.ಬಿ.ಎಸ್. ಮಾಡಿದವರು ಅವರೊಬ್ಬರೇ. ಎತ್ತರದ ಆಳು, ಕತ್ತಿನ ತನಕ ಗುಂಡಿ ಹಾಕಿದ ಕೋಟು, ಜರಿಯಂಚಿನ ಪೇಟ, ಮೂಗಿನ ತುದಿಯಲ್ಲೇ ಕೋಪ. ಆದರೆ ತಮ್ಮ ತಪ್ಪಿಗೆ ರೋಗಿಯ ಮುಂದೆಯೇ ಕ್ಷಮೆ ಕೇಳಿದ ಡಾಕ್ಟರನ್ನು ನಾನು ಅವರ ಹೊರತು ಇನ್ನೊಬ್ಬರನ್ನು ಕಂಡಿಲ್ಲ.

೧೯೩೪ರಲ್ಲಿ ನಿಯಮಗಳು ಸಿದ್ಧವಾದವು. ಪ್ರತಿಯೊಬ್ಬ ಸದಸ್ಯನೂ ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂರಬೇಕು. ವರ್ಷಕ್ಕೆ ಇಬ್ಬರು ಮೂವರನ್ನು ಚೀಟಿ ಎತ್ತಿ ಆರಿಸುವುದು. ಓದಿ ಒಪ್ಪಿಸುವ ಪರೀಕ್ಷೆಯಲ್ಲ; ಮೂವರು ರೋಗಿಗಳನ್ನು ಮುಟ್ಟಿ, ತಟ್ಟಿ, ಎದೆಗೆ ಕಿವಿಗೊಟ್ಟು, ಇಂಥವರಿಗೆ ಇಂಥದು ಎಂದು ಬರೆದುಕೊಡಬೇಕು. ಪಾಸಾದವರಿಗೆ ಸಂಘದ ಮೊಹರು ಒತ್ತಿದ ಪತ್ರ. ಅದಕ್ಕೆ ಕಟ್ಟು ಹಾಕಿಸಿ ಷಾಪಿನಲ್ಲಿ ತೂಗುಹಾಕಿಕೊಳ್ಳಬಹುದು. ನಪಾಸಾದವರು ಇನ್ನೊಂದು ಪರೀಕ್ಷೆಯ ತನಕ ಸಂಘದ ಹೆಸರು ಎತ್ತುವಂತಿಲ್ಲ.

ಮೊದಲನೇ ವರ್ಷವೇ ಗಲಾಟೆಯಾಯಿತು. ಅಧ್ಯಕ್ಷರು ರೋಗಿಯ ಹೊಟ್ಟೆ ಮುಟ್ಟಿ ನೋಡುವಾಗ ಹುಬ್ಬು ಹಾರಿಸಿ ತಮಗೆ ಬೇಕಾದವರಿಗೆ ಸುಳಿವು ಕೊಟ್ಟರು ಎಂದು ಯಾರೋ ಆಡಿಕೊಂಡರು. ಚಂದ್ರಶೇಖರಯ್ಯನವರು ಕೆಂಡವಾದರು. ಪರೀಕ್ಷೆಯ ದಿನ ಪರೀಕ್ಷಕರು ರೋಗಿಯನ್ನು ಮುಟ್ಟಲೇಕೂಡದು, ಉತ್ತರಗಳನ್ನು ಮೊದಲೇ ಒಂದು ಕಪ್ಪು ರಟ್ಟಿನ ಪುಸ್ತಕದಲ್ಲಿ ಬರೆದು ಬೀಗ ಹಾಕಿಟ್ಟಿರಬೇಕು, ಪುಸ್ತಕದಲ್ಲಿ ಇದ್ದದ್ದೇ ಅಂತಿಮ ಎಂದು ಅಂದೇ ಹೊಸ ನಿಯಮ ಮಾಡಿದರು. ಅದನ್ನು ನನ್ನ ಕೈಯಿಂದಲೇ ಬರೆಸಿದರು. ಎಲ್ಲರೂ ಭೇಷ್ ಎಂದೆವು.

ಆ ಪುಸ್ತಕದ ಮೊದಲನೇ ಪುಟವೇ ಕೊರವಂಗಲದ ನಂಜಪ್ಪ. ವಯಸ್ಸಿನಲ್ಲಿ ಮರ ಸಾಗಿಸಲೆಂದು ಘಟ್ಟದ ಕಡೆ ಗಾಡಿ ಹೊಡೆದು ಚಳಿಜ್ವರ ಹತ್ತಿಸಿಕೊಂಡು ಬಂದವನು. ಚಳಿಜ್ವರ ಹಳೆಯದಾದರೆ ಎಡಪಕ್ಕೆಯ ಒಳಗಿರುವ ಗುಲ್ಮ ಎಂಬ ಅಂಗ ಊದಿಕೊಂಡು ಪಕ್ಕೆಲುಬಿನ ಕೆಳಗೆ ಕೈಗೆ ಸಿಗುತ್ತದೆ. ನಮ್ಮ ಜನ ಅದಕ್ಕೆ ಜ್ವರಗಡ್ಡೆ ಅನ್ನುತ್ತಾರೆ. ನಂಜಪ್ಪನ ಜ್ವರಗಡ್ಡೆ ಪಕ್ಕೆಲುಬಿನಿಂದ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಅಂಥ ಅಚ್ಚುಕಟ್ಟಾದ ಗಡ್ಡೆ ಪರೀಕ್ಷೆಗೆಂದೇ ಹೇಳಿ ಮಾಡಿಸಿದಂತಿದೆ ಎಂದು ಅಧ್ಯಕ್ಷರು ಮೆಚ್ಚಿ, ಅವನನ್ನು ಪ್ರತಿ ವರ್ಷವೂ ಕರೆಸುತ್ತಿದ್ದರು.

ನಂಜಪ್ಪನಿಗೂ ಅದು ದೊಡ್ಡ ಮರ್ಯಾದೆಯ ವಿಷಯವಾಗಿತ್ತು. ಪರೀಕ್ಷೆಯ ದಿನ ಮೋಟಾರು ಪ್ರಯಾಣ, ಹೋಳಿಗೆ ಊಟ, ಕೋಟು ಹಾಕಿದವರೆಲ್ಲ ಬಾಪ್ಪ ನಂಜಪ್ಪ, ಕೂತುಕೋ ನಂಜಪ್ಪ ಅನ್ನುವುದು. ಕೊರವಂಗಲದಲ್ಲಿ ಅವನಿಗಿಂತ ಹೆಚ್ಚು ಹೊಲ ಇದ್ದವರು ಇದ್ದರು, ಆದರೆ ಅಷ್ಟು ಜನ ಡಾಕ್ಟರು ಮುಟ್ಟಿದ ಹೊಟ್ಟೆ ಬೇರೆ ಯಾರದೂ ಇರಲಿಲ್ಲ. ಪರೀಕ್ಷೆಗೆ ಹೋಗಿ ಬಂದ ಮೇಲೆ ಒಂದು ವಾರ ಅವನು ಊರಿನ ಜಗುಲಿಯ ಮೇಲೆ ಯಾವ ಡಾಕ್ಟರ ಕೈ ಹೇಗೆ ಎಂದು ವರದಿ ಒಪ್ಪಿಸುತ್ತಿದ್ದನಂತೆ.

ಇನ್ನು ರುದ್ರಯ್ಯನವರ ವಿಷಯ. ಅವರನ್ನು ನೆನೆದರೆ ನನಗೆ ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವರು ಅರಕಲಗೂಡಿನವರು, ಆಗ ಅರವತ್ತು ವಯಸ್ಸು. ಪದವಿ ಇರಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಇರಾಕಿನ ಬಸ್ರಾದ ದಂಡಿನ ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೆಲಸ ಮಾಡಿ, ಅಲ್ಲಿನ ದೊಡ್ಡ ಡಾಕ್ಟರ ಹಿಂದೆ ನಾಲ್ಕು ವರ್ಷ ಹಾಸಿಗೆಯಿಂದ ಹಾಸಿಗೆಗೆ ತಿರುಗಿ ಕಲಿತವರು. ವಾಪಸು ಬಂದು ಅರಕಲಗೂಡಿನ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರಾದರು. ಆ ಡಾಕ್ಟರು ತೀರಿಕೊಂಡ ಮೇಲೆ ಜನ ಇವರನ್ನು ಬಿಡಲಿಲ್ಲ. ನಮ್ಮ ಸಂಘದಲ್ಲಿ ಅವರು ಹನ್ನೊಂದನೆಯವರು. ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಪ್ರಬಂಧವನ್ನೂ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದವರು ಅವರೊಬ್ಬರೇ.

ನನಗೆ ಅವರನ್ನು ಕಂಡರೆ ಹೊಟ್ಟೆಯುರಿ. ನಮ್ಮ ಊರಿನ ಪಕ್ಕದ ಹರದನಹಳ್ಳಿಯವರಿಗೆ ನನ್ನ ಷಾಪು ಹತ್ತಿರ. ಆದರೂ ಕೆಮ್ಮು ಬಂದರೆ, ಮಗುವಿಗೆ ಜ್ವರ ಬಂದರೆ, ಗಾಡಿ ಕಟ್ಟಿಕೊಂಡು ಅರಕಲಗೂಡಿಗೆ ಹೋಗುತ್ತಿದ್ದರು. ಒಂದು ದಿನ ಹಾಗೆ ಹೊರಟ ಒಬ್ಬ ಮುದುಕಿಯನ್ನು ತಡೆದು, ಯಾಕಜ್ಜಿ ನನ್ನ ಔಷಧಿ ಕಹಿಯೇ ಎಂದು ಕೇಳಿದೆ. ಔಷಧಿಯೆಲ್ಲ ಒಂದೇ, ಅವರು ಮುಟ್ಟಿ ನೋಡುತ್ತಾರೆ, ನೀವು ನೋಡಿ ಬರೆಯುತ್ತೀರಿ ಎಂದಳು. ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿಕೊಂಡಿತು.

೧೯೩೮ರಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಸಂಸ್ಥಾನದ ವೈದ್ಯರ ಪಟ್ಟಿಯಲ್ಲಿ ಪದವಿಯಿಲ್ಲದ ಹಳಬರ ಹೆಸರು ಉಳಿಯಬೇಕಾದರೆ ಸ್ಥಳೀಯ ಸಂಘ ಜವಾಬ್ದಾರಿ ಹೊತ್ತು ಬರೆದುಕೊಡಬೇಕು, ಇಲ್ಲದಿದ್ದರೆ ಅವರು ವೈದ್ಯ ವೃತ್ತಿ ನಿಲ್ಲಿಸಬೇಕು ಎಂದಿತ್ತು. ನಮ್ಮಲ್ಲಿ ಅಂಥವರು ರುದ್ರಯ್ಯನವರೊಬ್ಬರೇ. ಬರೆದುಕೊಟ್ಟರಾಯಿತು ಎಂದರು ಹಲವರು. ನಾನು ಎದ್ದು ನಿಂತು, ಪದವಿ ಇದ್ದವರೇ ಪರೀಕ್ಷೆಗೆ ಕೂರುವಾಗ ಇಲ್ಲದವರನ್ನು ಹಾಗೆಯೇ ಬಿಟ್ಟರೆ ಸಂಘದ ಮಾತಿಗೆ ಏನು ಬೆಲೆ, ಈ ಸಲ ಅವರೂ ಕೂರಲಿ, ಪಾಸಾದರೆ ಬರೆದುಕೊಡೋಣ ಎಂದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಒಳಗೆ ಇದ್ದದ್ದು ಹರದನಹಳ್ಳಿ ಎಂದು ನನಗೊಬ್ಬನಿಗೇ ಗೊತ್ತು. ರುದ್ರಯ್ಯನವರು ಹಿಂದಿನ ಸಾಲಿನಿಂದಲೇ, ಹೌದು, ಅದೇ ಸರಿ ಎಂದರು. ಆ ವರ್ಷದ ಚೀಟಿಯಲ್ಲಿ ಬಂದ ಹೆಸರುಗಳು ಚನ್ನರಾಯಪಟ್ಟಣದ ಷಡಕ್ಷರಿಯದು ಮತ್ತು ನನ್ನದು.

ನೋಟೀಸು ಕೊಡುವುದು ಕಾರ್ಯದರ್ಶಿಯ ಕೆಲಸ. ಅರಕಲಗೂಡಿಗೆ ನಾನೇ ಹೋದೆ. ರುದ್ರಯ್ಯನವರು ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಒಬ್ಬ ಗಾಡಿಯವನ ಕಾಲು ನೋಡುತ್ತಿದ್ದರು. ಕಾಗದ ಓದಿ ಮಡಿಸಿ ಜೇಬಿಗೆ ಹಾಕಿ ಮತ್ತೆ ಕಾಲಿಗೆ ತಿರುಗಿದರು. ಅವರ ಹೆಂಡತಿ ಸುವರ್ಣಮ್ಮ ಮಾತ್ರ ಏನು ಎತ್ತ ಎಂದು ನನ್ನ ಬಾಯಿಂದ ಪೂರ್ತಿ ಹೊರಡಿಸಿ, ಒಳಗಿನಿಂದ ಒಂದು ಸ್ಟೂಲು ತಂದು, ಬಾಗಿಲ ಮೇಲಿದ್ದ ವೈದ್ಯಶಾಲೆಯ ಬೋರ್ಡನ್ನು ತಾವೇ ಬಿಚ್ಚಿ ಕೆಳಗಿಳಿಸಿದರು. ಧೂಳು ಒರೆಸಿ ಗೋಡೆಗೆ ಒರಗಿಸಿದರು.

"ಪಾಸಾಗಿ ಬಂದ್ರೆ ನಾನೇ ಮೇಲೆ ಹಾಕ್ತೀನಿ. ಇಲ್ದಿದ್ರೂ ಯೋಚನೆ ಇಲ್ಲ, ಕೊಟ್ಟಿಗೆ ಬಾಗ್ಲಿಗೆ ಒಂದು ಹಲಗೆ ಬೇಕಾಗಿತ್ತು."

ಗಾಡಿಯವನು ನಕ್ಕ, ರುದ್ರಯ್ಯನವರೂ ನಕ್ಕರು. ಆಮೇಲೆ ನನ್ನನ್ನು ಬೀದಿಯ ತನಕ ಕಳಿಸಲು ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

"ಅರವತ್ತು ಆಯ್ತು ಗೌರೀಶಂಕರಪ್ಪ. ನಂಗೆ ಬೇರೆ ಕೆಲಸ ಬರಾದಿಲ್ಲ."

ಅವರ ಕೈ ಬೆಚ್ಚಗಿತ್ತು. ನನಗೆ ಕೈ ಬಿಡಿಸಿಕೊಂಡು ಓಡಿಹೋದರೆ ಸಾಕೆನಿಸಿತು. ಬಸ್ಸಿನಲ್ಲಿ ಕೂತು, ನಿಯಮ ನಿಯಮವೇ, ಅವರಿಗೆ ಬಂದರೆ ಪಾಸಾಗುತ್ತಾರೆ, ನಾನೇನು ತಪ್ಪು ಮಾಡಿದೆ ಎಂದು ಹೊಳೆನರಸೀಪುರದ ತನಕ ನನಗೆ ನಾನೇ ವಾದ ಮಾಡಿಕೊಂಡೆ.

ಪರೀಕ್ಷೆ ನಡೆದದ್ದು ಡಿಸೆಂಬರಿನಲ್ಲಿ, ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ. ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಷಡಕ್ಷರಿ ಆ ಊರಿನವನಾದ್ದರಿಂದ ಊಟದ ಏರ್ಪಾಡು ಅವನದು. ಶಾಲೆಯ ಹಿತ್ತಲಿನಲ್ಲಿ ಒಲೆ ಹೂಡಿಸಿ ಬೇಳೆ ಬೇಯಲು ಇಡಿಸಿದ್ದ. ನಮ್ಮೆಲ್ಲರಲ್ಲಿ ಷಡಕ್ಷರಿ ಚಿಕ್ಕವನು, ನನ್ನಂತೆಯೇ ಎಲ್.ಎಂ.ಪಿ., ಕೂದಲು ಬಾಚಿಕೊಳ್ಳುವುದರಲ್ಲಿ ಮಾತ್ರ ಎಂ.ಡಿ. ಮೊದಲು ಅವನು ಒಳಗೆ ಹೋದ. ಕಾಲು ಗಂಟೆಯಲ್ಲೇ ಈಚೆಗೆ ಬಂದು, ಬಹಳ ಸುಲಭ ಎಂದು ನನ್ನ ಬೆನ್ನು ತಟ್ಟಿದ.

ಆಮೇಲೆ ನನ್ನ ಸರದಿ. ಕೋಣೆಯ ಆ ತುದಿಯಲ್ಲಿ ಅಧ್ಯಕ್ಷರು ಮೇಜಿನ ಮುಂದೆ, ಬೀಗ ಹಾಕಿದ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಈ ತುದಿಯಲ್ಲಿ ಜಮಖಾನ ಹಾಸಿದ ಮೂರು ಬೆಂಚಿನ ಮೇಲೆ ಮೂವರು ರೋಗಿಗಳು. ಕೆಮ್ಮಿನವನೊಬ್ಬ, ಕಾಲು ಊದಿದವನೊಬ್ಬ, ಇಬ್ಬರನ್ನೂ ಚೆನ್ನಾಗಿಯೇ ನೋಡಿದೆ. ಮೂರನೆಯವನು ನಂಜಪ್ಪ. ಅಂಗಿ ಬಿಚ್ಚಿ, ಎಷ್ಟೋ ವರ್ಷದ ಅನುಭವದಿಂದ ಮಂಡಿ ಮಡಿಸಿ ಹೊಟ್ಟೆ ಸಡಿಲ ಬಿಟ್ಟುಕೊಂಡು ಮಲಗಿದ್ದ.

ಎಡಪಕ್ಕೆಯ ಕೆಳಗೆ ಕೈಯಿಟ್ಟೆ. ನನ್ನ ತಣ್ಣನೆಯ ಕೈ ತಾಕಿ ಅವನು ಒಮ್ಮೆ ಸುಯ್ ಎಂದ. ಏನೂ ಸಿಗಲಿಲ್ಲ. ಒತ್ತಿದೆ, ಆಗಲೂ ಇಲ್ಲ. ನನಗೆ ಬೆವರು ಬಂತು. ನಂಜಪ್ಪ ಕಣ್ಣು ತೆರೆದು ನನ್ನ ಮುಖ ನೋಡಿದ. ಅವನಿಗೆ ನಿಜವಾಗಿ ಮರುಕ ಹುಟ್ಟಿರಬೇಕು.

"ಯಾಕ್ ಸಾ ಅಂಗೆ ಎದ್ರುಕೊಂಡೀರಿ," ಎಂದು ತುಟಿ ಅಲುಗಿಸದೆ ಪಿಸುಗುಟ್ಟಿದ. "ಗಡ್ಡೆ ಕಣ್ ಸಾ. ನಾಕು ಬೆಟ್ಟು. ಎಲ್ರೂ ಅಂಗೇ ಬರೆಯಾದು."

ನಾಲ್ಕು ಬೆರಳು ಎಂದು ಬರೆದುಕೊಟ್ಟೆ. ನನ್ನ ಕೈಗೆ ಏನೂ ಸಿಕ್ಕಿರಲಿಲ್ಲ. ಚಳಿಗೆ ಕೈ ಮರಗಟ್ಟಿದೆ, ಅದಕ್ಕೇ ತಿಳಿಯಲಿಲ್ಲ, ಗಡ್ಡೆ ಇದ್ದೇ ಇರುತ್ತದೆ ಅಂದುಕೊಂಡೆ. ಓದಿದವನಿಗೆ ನೆಪ ಹುಡುಕಿಕೊಳ್ಳುವುದು ಎಷ್ಟು ಸಲೀಸು ನೋಡಿ.

ನನ್ನ ಪರೀಕ್ಷೆ ಮುಗಿದ ಮೇಲೆ ನಾನು ಕಾರ್ಯದರ್ಶಿಯಾಗಿ ಅದೇ ಕೋಣೆಯಲ್ಲಿ ಪೆನ್ನು ಹಿಡಿದು ಕೂತೆ. ರುದ್ರಯ್ಯನವರು ಬಂದರು. ಮೊದಲಿನ ಇಬ್ಬರನ್ನು ನಿಧಾನವಾಗಿ ನೋಡಿ ಬರೆದರು. ನಂಜಪ್ಪನ ಬಳಿಗೆ ಬಂದು ತಮ್ಮ ಅಂಗೈಯನ್ನು ತಾವೇ ಕೆನ್ನೆಗೆ ಮುಟ್ಟಿಸಿಕೊಂಡರು. ಆಮೇಲೆ ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ, ಹಿತ್ತಲಿನಲ್ಲಿ ಬೇಳೆ ಬೇಯುತ್ತಿದ್ದ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಿದ್ದರು. ಅಡುಗೆಯವನ ಹತ್ತಿರ ಏನೋ ಮಾತಾಡುತ್ತಲೂ ಇದ್ದರು. ಅಧ್ಯಕ್ಷರು ಎರಡು ಸಲ ಗಡಿಯಾರ ತೆಗೆದು ನೋಡಿದರು.

ವಾಪಸು ಬಂದವರು ಎಡಪಕ್ಕೆಗೆ ಕೈ ಹಾಕಲಿಲ್ಲ. ಬಲಗಡೆ, ಹೊಕ್ಕುಳಿಗಿಂತ ಕೆಳಗೆ ಕೈಯಿಟ್ಟು ಸುಮ್ಮನೆ ಕಾದರು. ನಂಜಪ್ಪ ಉಸಿರು ಎಳೆದುಕೊಂಡಾಗ ಕೈ ನಿಲ್ಲಿಸುವುದು, ಬಿಟ್ಟಾಗ ಒಂದು ಬೆರಳಿನಷ್ಟು ಎಡಪಕ್ಕೆಯ ಕಡೆಗೆ ಮೇಲಕ್ಕೆ ಜರುಗಿಸುವುದು, ಮತ್ತೆ ಕಾಯುವುದು. ಗಡ್ಡೆ ಎಷ್ಟೇ ದೊಡ್ಡದಿದ್ದರೂ ಅದರ ಅಂಚು ತಾನಾಗಿ ಬಂದು ಕೈಗೆ ತಾಕಲಿ ಎಂದು ಹಾಗೆ ಮಾಡುವುದು. ನನಗೂ ಕಾಲೇಜಿನಲ್ಲಿ ಹಾಗೆಯೇ ಕಲಿಸಿದ್ದರು. ಪಾಸಾದ ಮಾರನೇ ದಿನವೇ ಮರೆತಿದ್ದೆ. ಅವರು ಎಡಪಕ್ಕೆ ಮುಟ್ಟುವ ಹೊತ್ತಿಗೆ ನಂಜಪ್ಪ ತಡೆಯಲಾರದೆ ಮತ್ತೆ ಪಿಸುಗುಟ್ಟಿದ. ರುದ್ರಯ್ಯನವರು ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರು.

"ಸುಮ್ನಿರಪ್ಪ. ನಾನು ನಿನ್ನ ಕೇಳ್ನಿಲ್ಲ, ನಿನ್ನ ಹೊಟ್ಟೆನ ಕೇಳ್ತಾ ಇವ್ನಿ."

ಆಮೇಲೆ ಅವನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಉಗುರು ನೋಡಿದರು, ಕೊನೆಗೆ ಚಳಿಜ್ವರ ಬಂದು ಎಷ್ಟು ದಿನವಾಯಿತು ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನಂಜಪ್ಪ ಕಣ್ಣು ತಪ್ಪಿಸಿ ಛಾವಣಿ ನೋಡತೊಡಗಿದ. ರುದ್ರಯ್ಯನವರು ಬರೆದು ಕೊಟ್ಟ ಚೀಟಿಯನ್ನು ನಾನೇ ಅಧ್ಯಕ್ಷರ ಕೈಗೆ ದಾಟಿಸಿದೆ. ಗುಲ್ಮ ಕೈಗೆ ಸಿಗುವುದಿಲ್ಲ, ಈ ಮನುಷ್ಯ ಆರೋಗ್ಯವಾಗಿದ್ದಾನೆ ಎಂದಿತ್ತು.

ಫಲಿತಾಂಶ ಹೇಳಲು ಎಲ್ಲರೂ ದೊಡ್ಡ ಕೋಣೆಯಲ್ಲಿ ಸೇರಿದೆವು. ಅಧ್ಯಕ್ಷರು ಬೀಗ ತೆಗೆದು ಕಪ್ಪು ಪುಸ್ತಕ ಬಿಡಿಸಿ ಚೀಟಿಗಳ ಪಕ್ಕ ಇಟ್ಟುಕೊಂಡು ಓದಿದರು. ಅವರ ಮುಖ ಸಪ್ಪಗಾದದ್ದು ನನಗೆ ಕಾಣಿಸಿತು. ರುದ್ರಯ್ಯನವರು ಪಾಸಾಗಲಿ ಎಂದು ಅವರ ಮನಸ್ಸಿನಲ್ಲೂ ಇತ್ತು. ಷಡಕ್ಷರಿ ಪಾಸು, ಗೌರೀಶಂಕರ ಪಾಸು, ರುದ್ರಯ್ಯನವರು ಮುಖ್ಯ ರೋಗಿಯಲ್ಲಿ ತಪ್ಪಿದ್ದಾರೆ, ಸಂಘ ಬರೆದುಕೊಡಲು ಬರುವುದಿಲ್ಲ ಎಂದರು. ಕೊನೆಯ ಮಾತು ಹೇಳುವಾಗ ತಲೆ ಎತ್ತಲಿಲ್ಲ.

ರುದ್ರಯ್ಯನವರು ಎದ್ದು ನಿಂತು, ಅಧ್ಯಕ್ಷರೇ ಒಂದು ಸಲ ನಂಜಪ್ಪನ ಮೇಲೆ ಕೈಯಿಟ್ಟು ನೋಡಬಹುದೇ ಎಂದು ಕೇಳಿದರು. ನಿಯಮ ಅಡ್ಡ ಬರುತ್ತದೆ, ಒಬ್ಬರಿಗೆ ಮುರಿದರೆ ಎಲ್ಲರಿಗೂ ಮುರಿಯಬೇಕಾಗುತ್ತದೆ ಎಂದರು ಅಧ್ಯಕ್ಷರು. ಆಗಲಿ ಎಂದು ರುದ್ರಯ್ಯನವರು ಕೈ ಮುಗಿದರು. ಸ್ಟೆತಾಸ್ಕೋಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು, ಅರಕಲಗೂಡಿನ ಕಡೆಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಷಡಕ್ಷರಿಯನ್ನು ಕೇಳಿದರು. ಊಟ ಮಾಡಿಕೊಂಡು ಹೋಗಿ ಎಂದ ಷಡಕ್ಷರಿ. ಬೇಡ, ಮನೆಯಲ್ಲಿ ಕಾಯುತ್ತಿರುತ್ತಾರೆ ಎಂದರು.

ನಾನು ನಡಾವಳಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ನಪಾಸು ಎಂದು ಬರೆಯಬೇಕಾಗಿತ್ತು. ಪೆನ್ನು ಮುಂದೆ ಹೋಗಲಿಲ್ಲ. ಗೋಡೆಗೆ ಒರಗಿಸಿದ್ದ ಬೋರ್ಡು ಕಣ್ಣ ಮುಂದೆ ಬಂತು. ಬೆಚ್ಚಗಿನ ಆ ಕೈ ನೆನಪಿಗೆ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಪತ್ರಕ್ಕೆ ಮೊಹರು ಬೀಳುತ್ತದೆ, ಹರದನಹಳ್ಳಿಯೂ ನನ್ನ ಪಾಲಾಗುತ್ತದೆ. ಬೆಳಿಗ್ಗೆ ನಂಜಪ್ಪನ ಹೊಟ್ಟೆಯ ಮೇಲೆ ಏನೂ ಸಿಗದೆ ಆಡಿದ ನನ್ನ ಐದು ಬೆರಳುಗಳು ಮಾತ್ರ ಸುಮ್ಮನಿರಲಿಲ್ಲ. ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ.

"ಸ್ವಾಮಿ, ನನ್ನ ಕೈಗೂ ಏನೂ ಸಿಗಲಿಲ್ಲ. ನಂಜಪ್ಪ ನಾಲ್ಕು ಬೆರಳು ಅಂದ, ನಾನು ಬರೆದೆ."

ಬಾಗಿಲ ತನಕ ಹೋಗಿದ್ದ ರುದ್ರಯ್ಯನವರು ಅಲ್ಲೇ ನಿಂತರು. ಅಧ್ಯಕ್ಷರು ನನ್ನ ಚೀಟಿಯನ್ನು ಪಕ್ಕಕ್ಕೆ ಸರಿಸಿ, ಷಡಕ್ಷರಿಯ ಕಡೆ ತಿರುಗಿದರು. ಅವನು ಬಾಚಿದ ಕೂದಲನ್ನು ಮತ್ತೆ ಸರಿಮಾಡಿಕೊಂಡು, ತನಗೆ ಸಿಕ್ಕಿತು, ಅದರಲ್ಲೂ ತನಗೆ ನಾಲ್ಕೂವರೆ ಬೆರಳು ಸಿಕ್ಕಿತು ಎಂದ. ಹೌದು, ನಿಮ್ಮ ಚೀಟಿಯಲ್ಲಿ ನಾಲ್ಕೂವರೆ ಇದೆ, ಆ ಅರ್ಧ ಎಲ್ಲಿಂದ ಬಂತು ಎಂದು ಅಧ್ಯಕ್ಷರು ಶಾಂತವಾಗಿ ಕೇಳಿದರು. ಷಡಕ್ಷರಿ, ಎಲ್ಲರೂ ನಾಲ್ಕು ಎಂದೇ ಬರೆದರೆ ನಿಮಗೆ ಅನುಮಾನ ಬರುತ್ತದೆ ಎಂದು ಅರ್ಧ ಸೇರಿಸಿದೆ ಎಂದು ಒಪ್ಪಿಕೊಂಡ. ಹಿಂದಿನ ಸಾಲಿನಲ್ಲಿ ಯಾರಿಗೋ ನಗು ತಡೆಯಲಾಗಲಿಲ್ಲ.

ಚಂದ್ರಶೇಖರಯ್ಯನವರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ತಾವೇ ಬರೆಸಿದ ನಿಯಮವನ್ನು ತಾವೇ ದಾಟಿ ಪರೀಕ್ಷೆಯ ಕೋಣೆಗೆ ನಡೆದರು. ನಾವೆಲ್ಲ ಹಿಂದೆಯೇ ಹೋದೆವು. ನಂಜಪ್ಪ ಅಷ್ಟು ಹೊತ್ತಿಗೆ ಅಂಗಿ ಹಾಕಿಕೊಂಡು ಊಟಕ್ಕೆ ಸಿದ್ಧವಾಗಿದ್ದವನು, ಅಧ್ಯಕ್ಷರ ಮುಖ ನೋಡಿ ತಾನೇ ಮತ್ತೆ ಅಂಗಿ ಬಿಚ್ಚಿ ಮಲಗಿದ. ಅವರು ಮೊದಲು ಎಡಗಡೆ ನೋಡಿದರು. ಆಮೇಲೆ ರುದ್ರಯ್ಯನವರು ಮಾಡಿದಂತೆ ಬಲಗಡೆ ಕೆಳಗಿನಿಂದ ನೋಡಿಕೊಂಡು ಬಂದರು. ಗಡ್ಡೆ ಇರಲಿಲ್ಲ. ಯಾವಾಗಿನಿಂದ ಇಲ್ಲ ಎಂದು ಕೇಳಿದರು.

ನಂಜಪ್ಪ ಎದ್ದು ಕೂತು ಕೈ ಮುಗಿದ.

"ನೀವೇ ಕೊಟ್ರಲ್ಲಾ ಸಾ ಕ್ವಿನೈನು, ಓದೊರ್ಸ. ನನ್ನೆಂಡ್ರು ದೊಡ್ಡತಾಯಮ್ಮ ಒಂದಿನಾನೂ ಬುಡ್ನಿಲ್ಲ, ಮೂಗು ಇಡ್ಕೊಂಡು ನುಂಗುಸ್ಬುಟ್ಳು. ಯುಗಾದಿ ವತ್ಗೆ ಕರಗೋಯ್ತು. ಏಳಿದ್ರೆ ನೀವು ಕರೆಯಾಕಿಲ್ಲ ಅಂತ ಸುಮ್ಕಿದ್ದೆ ಸಾ. ತೆಪ್ಪಾಯ್ತು."

ಅಧ್ಯಕ್ಷರು ನಂಜಪ್ಪನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಅವರೇ ಹಿಂದಿನ ಪರೀಕ್ಷೆ ಮುಗಿದ ಮೇಲೆ ಈ ಮನುಷ್ಯ ಪಾಪ ಎಷ್ಟು ವರ್ಷ ಗಡ್ಡೆ ಹೊತ್ತುಕೊಂಡಿರುತ್ತಾನೆ ಎಂದು ಔಷಧಿ ಬರೆದುಕೊಟ್ಟಿದ್ದರು. ಬರೆದುಕೊಟ್ಟವರು ಮರೆತರು, ನುಂಗಿದವನಿಗೆ ವಾಸಿಯಾಯಿತು. ತಾವು ಕೊಟ್ಟ ಔಷಧಿ ಕೆಲಸ ಮಾಡಬಹುದೆಂದು ಅವರಿಗೇ ಹೊಳೆದಿರಲಿಲ್ಲ. ಅವರ ಭುಜ ಅಲುಗುವುದನ್ನು ನೋಡಿ ಅಳುತ್ತಿದ್ದಾರೇನೋ ಎಂದು ನಾನು ಗಾಬರಿಯಾದೆ. ನಗುತ್ತಿದ್ದರು. ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ನಾವು ಅಂದೇ ಮೊದಲು ನೋಡಿದ್ದು. ಅವರಿಂದ ರುದ್ರಯ್ಯನವರಿಗೆ ಹತ್ತಿತು, ರುದ್ರಯ್ಯನವರಿಂದ ನಮಗೆಲ್ಲ. ನಂಜಪ್ಪನೂ ಯಾಕೆಂದು ತಿಳಿಯದೆ ನಕ್ಕ.

ಕಣ್ಣೊರೆಸಿಕೊಂಡು ಅಧ್ಯಕ್ಷರು ನಡಾವಳಿ ಪುಸ್ತಕ ತರಿಸಿದರು. ನಗು ಮುಗಿದಿತ್ತು, ಹಳೆಯ ಚಂದ್ರಶೇಖರಯ್ಯನವರೇ ವಾಪಸು ಬಂದಿದ್ದರು. ಈ ವರ್ಷ ಪಾಸಾದವರು ಅರಕಲಗೂಡಿನ ರುದ್ರಯ್ಯನವರು, ಅವರೊಬ್ಬರೇ, ಎಂದು ಹೇಳಿ ಬರೆಸಿದರು. ನಾಳೆಯೇ ಮೇಲಿನವರಿಗೆ ಕಾಗದ ಹೋಗಬೇಕು, ಸಂಘ ಪೂರ್ತಿ ಜವಾಬ್ದಾರಿ ಹೊರುತ್ತದೆ ಎಂದರು. ಗೌರೀಶಂಕರ, ಷಡಕ್ಷರಿ ಇಬ್ಬರೂ ಮತ್ತೆ ಪರೀಕ್ಷೆಗೆ ಕೂರಬೇಕು. ನಾನು ನನ್ನ ಹೆಸರನ್ನು ಮೊದಲು ಬರೆಯಲು ಹೋದಾಗ ತಡೆದರು.

"ಮೊದಲು ನನ್ನ ಹೆಸರು ಬರೀರಿ. ವಾಸಿಯಾದ ರೋಗಿಯನ್ನ ಒಂದು ವರ್ಷ ಮುಟ್ಟಿ ನೋಡದೆ ಇದ್ದೋನು ನಾನು. ಪರೀಕ್ಷೆ ಅರಕಲಗೂಡಲ್ಲಿ ಆಗಲಿ. ಪರೀಕ್ಷಕರು ರುದ್ರಯ್ಯನವರು."

ರುದ್ರಯ್ಯನವರು ಬೇಡವೆಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಅಂದು ರುದ್ರಯ್ಯನವರು ಬಸ್ಸು ತಪ್ಪಿಸಿಕೊಂಡು ನಮ್ಮ ಜೊತೆಯೇ ಹೋಳಿಗೆ ತಿಂದರು. ನಂಜಪ್ಪ ಮಾತ್ರ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲಿ ಕೂತಿದ್ದ ರುದ್ರಯ್ಯನವರು, ಕಾಯಿಲೆ ಇಲ್ಲದ ಹೊಟ್ಟೆಯನ್ನು ಇಲ್ಲ ಎಂದು ಗುರುತಿಸುವುದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಅದಕ್ಕೆ ನೀನು ಪ್ರತಿ ವರ್ಷವೂ ಬೇಕಾಗುತ್ತದೆ ಎಂದರು. ಆಮೇಲೆ ಅವನು ಎಂಟು ಹೋಳಿಗೆ ತಿಂದ. ನಾನು ಎಣಿಸಿದೆ, ಯಾಕೆಂದರೆ ನನಗೆ ಎರಡೂ ಇಳಿಯಲಿಲ್ಲ. ಕೈ ತೊಳೆಯುವಾಗ ರುದ್ರಯ್ಯನವರ ಬಳಿಗೆ ಹೋಗಿ, ಅವರನ್ನು ಪರೀಕ್ಷೆಗೆ ಕೂರಿಸಿ ಎಂದು ನಾನು ಸಭೆಯಲ್ಲಿ ಎದ್ದು ನಿಂತದ್ದು ಹೊಟ್ಟೆಯುರಿಯಿಂದ ಎಂದು ಹೇಳಿಬಿಟ್ಟೆ. ಗೊತ್ತಿತ್ತು ಎಂದರು. ಹರದನಹಳ್ಳಿಯ ಆ ಮುದುಕಿ ಅವರಿಗೂ ಎಲ್ಲ ಹೇಳಿದ್ದಳಂತೆ.

ಅರಕಲಗೂಡಿನ ಪರೀಕ್ಷೆ ಫೆಬ್ರವರಿಯಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಮೇಲಿನಿಂದ ಉತ್ತರ ಬಂದು ರುದ್ರಯ್ಯನವರ ಹೆಸರು ಪಟ್ಟಿಯಲ್ಲಿ ಉಳಿದಿತ್ತು. ಬೋರ್ಡು ಬಾಗಿಲ ಮೇಲೆ ಇತ್ತು, ಆದರೆ ಒಂದು ಕಡೆಗೆ ವಾಲಿತ್ತು. ಷಡಕ್ಷರಿ ಸ್ಟೂಲು ಹತ್ತಿ ಸರಿಮಾಡಲು ಹೋದ. ಸುವರ್ಣಮ್ಮ ಬಿಡಲಿಲ್ಲ. ಹೇಳಿದ ಮಾತಿನಂತೆ ತಾವೇ ಹಾಕಿದ್ದು, ವಾಲಿದ್ದರೂ ಅದು ಹಾಗೆಯೇ ಇರಲಿ ಎಂದರು. ಕೊಟ್ಟಿಗೆಯ ಬಾಗಿಲಿಗೆ ಹಲಗೆ ಇನ್ನೂ ಬಂದಿರಲಿಲ್ಲ, ಸಂದಿಯಿಂದ ಎಮ್ಮೆಯೊಂದು ನಮ್ಮನ್ನೆಲ್ಲ ನೋಡುತ್ತಿತ್ತು.

ಪರೀಕ್ಷಕರಾಗಿ ರುದ್ರಯ್ಯನವರು ಎರಡೇ ಬದಲಾವಣೆ ಮಾಡಿದ್ದರು. ಪರೀಕ್ಷಕರು ಅಂದೇ ಬೆಳಿಗ್ಗೆ ಎಲ್ಲ ರೋಗಿಗಳನ್ನೂ ತಾವೇ ಮುಟ್ಟಿ ನೋಡಿರಬೇಕು. ಎರಡನೆಯದು, ಪರೀಕ್ಷೆ ಮುಗಿಯುವ ತನಕ ನಂಜಪ್ಪನ ಬಾಯಲ್ಲಿ ಥರ್ಮಾಮೀಟರು ಇರಬೇಕು. ಅವನು ಅದನ್ನು ಚುಟ್ಟದ ಹಾಗೆ ಒಂದು ಮೂಲೆಗೆ ಕಚ್ಚಿಕೊಂಡು ಗಂಭೀರವಾಗಿ ಮಲಗಿದ್ದ.

ಮೊದಲು ಚಂದ್ರಶೇಖರಯ್ಯನವರು. ಐವತ್ತೆರಡು ವರ್ಷದ ಆ ಎತ್ತರದ ಮನುಷ್ಯ, ಪೇಟ ತೆಗೆದಿಟ್ಟು, ತೋಳು ಮಡಿಸಿಕೊಂಡು ಮುಂದೆ ಹೋಗಿ ನಿಂತರು. ರುದ್ರಯ್ಯನವರು ಅವರ ಬೆರಳುಗಳನ್ನು ಮುಟ್ಟಿ ನೋಡಿದರು.

"ತಣ್ಣಗವೆ ಡಾಕ್ಟ್ರೇ. ಕಾಯಿಸ್ಕೊಂಡು ಬನ್ನಿ."

ಅವರು ಸೀದಾ ಹಿತ್ತಲಿಗೆ ಹೋದರು. ಅಲ್ಲಿ ಸುವರ್ಣಮ್ಮನ ಬಚ್ಚಲ ಒಲೆಯ ಮುಂದೆ ನಾನೂ ಷಡಕ್ಷರಿಯೂ ಆಗಲೇ ಕುಕ್ಕರಗಾಲಿನಲ್ಲಿ ಕೂತು ಅಂಗೈ ಚಾಚಿಕೊಂಡಿದ್ದೆವು. ಜರುಗಿ ಜಾಗ ಕೊಟ್ಟೆವು. ಸ್ವಲ್ಪ ಹೊತ್ತು ಕೈ ಉಜ್ಜಿಕೊಂಡು ಆ ಕಡೆ ಈ ಕಡೆ ನೋಡಿ, ಬಲಗಡೆ ಕೆಳಗಿನಿಂದ ಶುರು ಮಾಡುವುದಲ್ಲವೇ ಎಂದು ಅಧ್ಯಕ್ಷರು ನನ್ನನ್ನು ಮೆಲ್ಲಗೆ ಕೇಳಿದರು.

"ಹೇಳಕೂಡದು ಸ್ವಾಮಿ," ಎಂದೆ. "ನಿಯಮ."

ಅವರು ಹೌದೆಂದು ತಲೆಯಾಡಿಸಿ, ಕೈ ಬೆಚ್ಚಗಾಗಿದೆಯೇ ಎಂದು ತಮ್ಮ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡು ಒಳಗೆ ಹೋದರು. ಅಂದು ಮೂವರೂ ಪಾಸಾದೆವು. ನನ್ನ ಪತ್ರಕ್ಕೆ ಕಟ್ಟು ಹಾಕಿಸಿ ಷಾಪಿನಲ್ಲಿ ತೂಗುಹಾಕಿದೆ. ಅದರ ಕೆಳಗೆ, ಚಳಿಗಾಲದಲ್ಲಿ, ಒಂದು ಅಗ್ಗಿಷ್ಟಿಕೆ ಇಡಿಸಿದೆ. ಮುಂದಿನ ವರ್ಷ ಹರದನಹಳ್ಳಿಯ ಆ ಮುದುಕಿ ಕೆಮ್ಮಿಗೆಂದು ನನ್ನ ಹತ್ತಿರ ಬಂದಳು.